ಬೇಸ್‌ಮೆಂಟಿನ ಮಾರಿಯೊ

ನ್ಯೂಜೆರ್ಸಿಯಂಥ ಊರುಗಳಲ್ಲಿ ನಲವತ್ತು ದಾಟಿದ ಕೆಲವು ಕನ್ನಡದ ಗಂಡಸರಿಗೆ ಹಳೇ ವಿಡಿಯೊ ಗೇಮುಗಳ ಗೀಳು ಹತ್ತಿದೆ. ಬೇಸ್‌ಮೆಂಟಿನಲ್ಲಿ ಕಾರ್ಟ್ರಿಜ್‌ಗಳ ಗೋಡೆ ಎದ್ದು, ಹೆಂಡತಿ "ಏನ್ರೀ ಇದೆಲ್ಲ?" ಎಂದರೆ ಉತ್ತರ ಸಿದ್ಧವಿರುತ್ತದೆ: "ಇನ್ವೆಸ್ಟ್‌ಮೆಂಟ್ ಕಣೇ!" ಕೊಳ್ಳುವುದು ತಪ್ಪಲ್ಲ, ಆಡುವುದಂತೂ ತಪ್ಪೇ ಅಲ್ಲ. ಹೂಡಿಕೆ ಎನ್ನುವುದು ಮಾತ್ರ ಶುದ್ಧ ಬೊಗಳೆ. ಹಾಗೆಂದು ಬೊಗಳೆಗೆ ಆಧಾರವೇ ಇಲ್ಲವೆಂದಲ್ಲ. 2021ರ ಜುಲೈನಲ್ಲಿ ಹೆರಿಟೇಜ್ ಸಂಸ್ಥೆಯ ಹರಾಜಿನಲ್ಲಿ 'ಸೂಪರ್ ಮಾರಿಯೊ 64' 15.6 ಲಕ್ಷ ಡಾಲರಿಗೆ ಹೋಯಿತು. ಆದರೆ ಅದು ಸೀಲ್ ಒಡೆಯದ, ಸುಸ್ಥಿತಿಗೆ ಹತ್ತಕ್ಕೆ 9.8 ಅಂಕ ಪಡೆದ ಡಬ್ಬ. ನಮ್ಮವರ ಬಳಿ ಇರುವುದು ಯಾವನೋ ಪೋರ ಮಾರ್ಕರಿನಲ್ಲಿ ಹೆಸರು ಗೀಚಿದ ಕಾರ್ಟ್ರಿಜ್. ಕೋಟಿಗೂ ಮಿಕ್ಕಿ ಮಾರಾಟವಾದ ಆಟದ ಒಂದು ಪ್ರತಿ.

"ನಿನ್ನ ಬಂಗಾರವೂ ಲಾಕರಿನಲ್ಲಿ ಸುಮ್ಮನೆ ಕೂತಿಲ್ಲವೇ?" ಎಂಬುದು ಗಂಡಂದಿರ ಮುಂದಿನ ಬಾಣ. ಬಂಗಾರವನ್ನು ಯಾವ ಊರಲ್ಲಾದರೂ ತೂಗಿ ಕೊಳ್ಳುತ್ತಾರೆ. ಹಳೇ ಕಾರ್ಟ್ರಿಜ್ ಕೊಳ್ಳಲು ಅದೇ ವಯಸ್ಸಿನ, ಅದೇ ಹಂಬಲದ ಇನ್ನೊಬ್ಬ ಗಂಡಸು ಬೇಕು. ಆ ತಲೆಮಾರಿಗೆ ಮಂಡಿನೋವು ಶುರುವಾದ ಮೇಲೆ ಗಿರಾಕಿ ಯಾರು? ಸಾಲದ್ದಕ್ಕೆ 1987ರಲ್ಲಿ ಅಮೆರಿಕಕ್ಕೆ ಬಂದ 'ಲೆಜೆಂಡ್ ಆಫ್ ಜೆಲ್ಡಾ' ಕಾರ್ಟ್ರಿಜ್‌ನೊಳಗೆ ಬೆಸುಗೆ ಹಾಕಿದ ಗುಂಡಿ ಬ್ಯಾಟರಿ ಇದೆ. ಅದು ಸತ್ತರೆ ಉಳಿಸಿಟ್ಟ ಆಟವೂ ಹೋಯಿತು. 'ಡಕ್ ಹಂಟ್'ನ ಬಂದೂಕಿಗೆ ಈಗಿನ ಟಿವಿ ಆಗದು, ಹಳೇ ಪಿಕ್ಚರ್ ಟ್ಯೂಬೇ ಬೇಕು. ಹಾಗಾಗಿ ಬಾತುಕೋಳಿಯ ಹಿಂದೆಯೇ ಇಬ್ಬರು ಹೊತ್ತು ತರುವಂಥ ಡಬ್ಬಾ ಟಿವಿಯೂ ಗೃಹಪ್ರವೇಶ ಮಾಡುತ್ತದೆ. ಹೂಡಿಕೆಗೆ ಇಷ್ಟೊಂದು ಬಾಣಂತನವೇ?

ಹಳೇ ಆಟಗಳನ್ನು ಉಳಿಸುವವರು ಬೇಡವೇ ಎಂಬ ಒಂದು ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಂತೆ ಅಮೆರಿಕದಲ್ಲಿ ಬಂದ ಹಳೆಯ ಆಟಗಳಲ್ಲಿ ಶೇ. 87 ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟ ನಿಲ್ಲಿಸಿತು. ಯಾರಾದರೂ ಕಾಪಾಡಲೇಬೇಕು, ನಿಜ. ಆದರೆ ನಮ್ಮವರು ಕೊಳ್ಳುವುದು ಎಲ್ಲಿಯೂ ಸಿಗದ ಆಟವನ್ನಲ್ಲ, ನಿಂಟೆಂಡೊದ ಸ್ವಿಚ್ ಯಂತ್ರದ ಚಂದಾದಲ್ಲಿ ಮಕ್ಕಳು ಈಗಲೂ ಆಡುವ ಮಾರಿಯೊವನ್ನೇ! ಕಾರಣ ಸರಳ. ತೊಂಬತ್ತರ ದಶಕದ ಕರ್ನಾಟಕದಲ್ಲಿ ಇವರಲ್ಲಿ ಹೆಚ್ಚಿನವರು ಆಡಿದ್ದು ನಕಲಿ ಪೆಟ್ಟಿಗೆಯಲ್ಲಿ. '9999 ಆಟ' ಎಂದು ಬರೆದು, ಅವೇ ಹತ್ತಾರು ಆಟಗಳನ್ನು ತಿರುಗಿಸಿ ಮುರುಗಿಸಿ ತೋರಿಸುತ್ತಿದ್ದ ಕಾರ್ಟ್ರಿಜ್‌ನಲ್ಲಿ. ಅಸಲಿಯನ್ನು ಕೈಯಲ್ಲಿ ಹಿಡಿಯುವ ಆಸೆ ಈಗ ಡಾಲರಿನಲ್ಲಿ ತೀರುತ್ತಿದೆ. ಆಸೆಗೆ ಲಾಭದ ಲೆಕ್ಕ ಒಪ್ಪಿಸಬೇಕಿಲ್ಲ. ಒಂದೋ ಎರಡೋ ಕೊಳ್ಳಿ, ಜೆಲ್ಡಾ ಆದರೆ ಮೊದಲು ಬ್ಯಾಟರಿ ಬದಲಾಯಿಸಿ, ಮನೆಯಲ್ಲಿ ಕೇಳಿದರೆ ಆಟದ ಸಾಮಾನು ಎಂದೇ ಹೇಳಿ.