ಕುರುವಾಯಿ ಸಾಕಣೆ: ಕೃಷಿಕರಿಗೊಂದು ಕೈಪಿಡಿ

ಜೇನು ಸಾಕುವವರಿಗೆ ತರಬೇತಿ ಇದೆ, ಪೆಟ್ಟಿಗೆಗೆ ಸಬ್ಸಿಡಿ ಇದೆ, ಪುತ್ತೂರಿನಲ್ಲಿ ಸಹಕಾರಿ ಸಂಘವೂ ಇದೆ. ಇಷ್ಟೆಲ್ಲ ಇದ್ದೂ ಒಂದು ಬೆಳಿಗ್ಗೆ ಜೇನುಕುಟುಂಬ ಪೆಟ್ಟಿಗೆ ಖಾಲಿ ಮಾಡಿ ಹಾರಿಹೋಗುತ್ತದೆ. ಕುರುವಾಯಿಗೆ, ಅಂದರೆ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಗೆ, ಅಂಥ ಧಿಮಾಕು ಇಲ್ಲ. ಕಡಬ ತಾಲೂಕಿನ ಇಚಿಲಂಪಾಡಿಯಂಥ ಊರಿನಲ್ಲಿ ಒಂದು ಹಟ್ಟಿ, ನಾಲ್ಕು ತೆಂಗು ಇರುವ ಯಾರು ಬೇಕಾದರೂ ಇದನ್ನು ಸಾಕಬಹುದು. ಹೆಚ್ಚಿನವರು ಈಗಾಗಲೇ ಸಾಕುತ್ತಿದ್ದಾರೆ. “ತೆಂಗಿಗೆ ಕುರುವಾಯಿ ಬಂತು ಮಾರಾಯ್ರೆ” ಎಂದು ಪೇಟೆಯಲ್ಲಿ ಹೇಳಿಕೊಂಡು ತಿರುಗುವವರೂ ಇವರೇ. ಬಂದದ್ದಲ್ಲ, ಮನೆಯಲ್ಲೇ ಹುಟ್ಟಿದ್ದು.

ಬೇಕಾಗುವ ಸಾಮಗ್ರಿ

ಹಟ್ಟಿಯ ಹಿಂದೆ ಒಂದು ಗೊಬ್ಬರದ ಗುಂಡಿ. ಅದಕ್ಕೆ ಸೊಪ್ಪು, ಸೆಗಣಿ ಹಾಕುತ್ತಾ ಹೋಗಿ, ಆರು ತಿಂಗಳು ಕೈಹಾಕಬೇಡಿ. ಸಿಡಿಲು ಬಡಿದು ಸತ್ತ ತೆಂಗಿನ ಮರವಿದ್ದರೆ ಕಡಿದು ಅಲ್ಲೇ ಬಿಡಿ. ಕುತ್ತಿ ಮಳೆಗೆ ನೆನೆದು ಕುಂಬಾದ ಮೇಲೆ ಅದಕ್ಕಿಂತ ಒಳ್ಳೆಯ ಬಾಣಂತಿಕೋಣೆ ಇಲ್ಲ. ಮುಂದಿನ ವರ್ಷ ಸೌದೆ ಮಾಡೋಣ ಎಂದು ಹೇಳುತ್ತಿದ್ದರೆ ಸಾಕು.

ಮೊಟ್ಟೆಯಿಂದ ದುಂಬಿಯವರೆಗೆ

ಹೆಣ್ಣು ತನ್ನ ಜೀವಮಾನದಲ್ಲಿ ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಅವು ಬಿಳಿ, ಅಕ್ಕಿಕಾಳಿಗಿಂತ ತುಸು ಗುಂಡು. 8ರಿಂದ 18 ದಿನಗಳಲ್ಲಿ ಒಡೆದು ಬರುವುದು ಆರು ಕಾಲಿನ ಬಿಳಿ ಹುಳ. ಗೊಬ್ಬರ ಕೆದಕುವಾಗ ಅರ್ಧಚಂದ್ರದ ಹಾಗೆ ಮುರುಟಿ ಬಿದ್ದುಕೊಳ್ಳುವ, ಕಂದು ತಲೆಯ, ನೀವು ಹಾರೆಯ ತುದಿಯಿಂದ ಬದಿಗೆ ತಳ್ಳುವ ಆಸಾಮಿ ಇದೇ. ತೆಂಗನ್ನು ಇದು ಮುಟ್ಟುವುದಿಲ್ಲ. ಕೊಳೆತದ್ದು ತಿನ್ನುವುದೊಂದೇ ಕೆಲಸ. ಆ ಸೊಪ್ಪು ಸೆಗಣಿಯನ್ನು ಜೀರ್ಣಿಸಲು ಕರುಳಿನೊಳಗಿನ ಸೂಕ್ಷ್ಮಜೀವಿಗಳು ನೆರವಾಗುತ್ತವೆ.

ಒಂದನ್ನು ಅಂಗೈ ಮೇಲಿಟ್ಟು ನೋಡಿ. ಮೈಯ ಎರಡೂ ಬದಿಯಲ್ಲಿ ಸಾಲಾಗಿ ಕಂದು ಚುಕ್ಕಿಗಳಿವೆ. ಉಸಿರಾಟ ಅಲ್ಲಿಂದ. ಗಾಳಿ ಆ ರಂಧ್ರಗಳಿಂದ ಕೊಳವೆಗಳ ಮೂಲಕ ನೇರವಾಗಿ ಅಂಗಾಂಗಕ್ಕೆ ಹೋಗುತ್ತದೆ. ಅದನ್ನು ಹೊತ್ತು ತಿರುಗುವ ಕೆಲಸ ರಕ್ತಕ್ಕಿಲ್ಲ. ಮೈಯೊಳಗೆ ಎಲುಬೂ ಇಲ್ಲ. ಹೊರಗಿನ ಚರ್ಮವೇ ಅಸ್ಥಿಪಂಜರ. ಚರ್ಮ ಹಿಗ್ಗುವುದಕ್ಕೆ ಒಂದು ಮಿತಿ ಇರುವುದರಿಂದ ಹುಳ ಬೆಳೆಯಬೇಕಾದರೆ ಹಳೆಯದನ್ನು ಕಳಚಬೇಕು. ಹುಳವಾಗಿ ಎರಡು ಸಲ, ಕೋಶವಾಗುವಾಗ ಒಮ್ಮೆ, ದುಂಬಿಯಾಗುವಾಗ ಕೊನೆಯ ಸಲ.

ಮೂರೂವರೆಯಿಂದ ಆರು ತಿಂಗಳು ತಿಂದ ಮೇಲೆ ಹುಳ ಊಟ ಬಿಟ್ಟು, ತನ್ನ ಸುತ್ತ ಒಂದು ಗೂಡು ಮಾಡಿಕೊಂಡು ಕೋಶವಾಗುತ್ತದೆ. ಈ ಹಂತದಲ್ಲಿ ತೊಂದರೆ ಕೊಡಬೇಡಿ. ಹೊರಗಿಂದ ನೋಡಿದರೆ ನಿದ್ದೆ. ಒಳಗೆ ಹುಳದ ಮೈ ಕರಗಿ ರೆಕ್ಕೆ, ಕೊಂಬು, ಉದ್ದ ಕಾಲು ಮೂಡುತ್ತಿರುತ್ತವೆ. ಜಿರಳೆಗೆ ಈ ರಗಳೆ ಇಲ್ಲ, ಅದರ ಮರಿ ಹುಟ್ಟುವಾಗಲೇ ಪುಟ್ಟ ಜಿರಳೆ. ಕುರುವಾಯಿ ಮಾತ್ರ ಚಿಟ್ಟೆಯ ಕುಲದ ರಿವಾಜಿನಂತೆ ಪೂರ್ತಿ ವೇಷ ಬದಲಿಸಿಯೇ ಬರುವುದು. ಎರಡು ಮೂರು ವಾರದಲ್ಲಿ ದುಂಬಿ ಸಿದ್ಧ. ಆದರೂ ಚಿಪ್ಪು ಗಟ್ಟಿಯಾಗುವವರೆಗೆ ಕೆಲವು ದಿನ ಒಳಗೇ ಕೂತಿರುತ್ತದೆ.

ಮೇವು

ದುಂಬಿ ರಾತ್ರಿ ಹಾರಿ ತೆಂಗಿನ ಸುಳಿಗೆ ಇಳಿಯುತ್ತದೆ. ಇನ್ನೂ ಬಿಚ್ಚದ ಎಲೆಯನ್ನು ಕೊರೆದು, ರಸ ಹೀರಿ, ನಾರನ್ನು ಹೊರಗೆ ತಳ್ಳುತ್ತದೆ. ಆ ಎಲೆ ಬಿಚ್ಚಿಕೊಂಡಾಗ ಗರಿಗಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತ್ರಿಕೋನವಾಗಿ ಕಾಣುತ್ತವೆ. ಅದನ್ನು ಕಂಡು ನೀವು ಕೊಕ್ಕೆ ಹಿಡಿದು ಮರ ಹತ್ತಿಸುವ ಹೊತ್ತಿಗೆ ತಿಂದವ ಊರು ಬಿಟ್ಟಿರುತ್ತಾನೆ. ಹಿಂಗಾರ ಸಿಕ್ಕಿದರೆ ಅದನ್ನೂ ಬಿಡುವುದಿಲ್ಲ. ಗಾಯದ ವಾಸನೆಗೆ ಕೆಂಪು ಮೂತಿ ಹುಳವೂ ಬರುತ್ತದೆ. ಅದು ಬಂದರೆ ಮರವೇ ಹೋಗುತ್ತದೆ; ಈ ಕೈಪಿಡಿಯ ವ್ಯಾಪ್ತಿಗೆ ಅದು ಬರುವುದಿಲ್ಲ.

ರೋಗಗಳು

ಹುಳ ಸೆಟೆದು, ಮೈಮೇಲೆ ಹಸಿರು ಪುಡಿ ಮೆತ್ತಿದ ಹಾಗೆ ಕಂಡರೆ ಅದು ಮೆಟಾರೈಜಿಯಂ ಎಂಬ ಶಿಲೀಂಧ್ರ. ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ವಿಜ್ಞಾನಿಗಳು ಇದನ್ನು ಗೊಬ್ಬರದ ಗುಂಡಿಗೆ ಬೇಕೆಂದೇ ಹಾಕಲು ಹೇಳುತ್ತಾರೆ. ಸಾಕಣೆದಾರರು ಅವರ ಮಾತು ಕೇಳಬಾರದು. ಇನ್ನೊಂದು ವೈರಸ್. 1963ರಲ್ಲಿ ಮಲೇಷ್ಯಾದಲ್ಲಿ ಪತ್ತೆಯಾದದ್ದು. ಸೋಂಕಿದ ದುಂಬಿ ತಕ್ಷಣ ಸಾಯುವುದಿಲ್ಲ. ಹಾರಾಡಿಕೊಂಡು ಹೋದಲ್ಲೆಲ್ಲ ಹಿಕ್ಕೆಯ ಜತೆ ವೈರಸ್ಸನ್ನೂ ಬಿಟ್ಟು ಬರುತ್ತದೆ. 1967ರಲ್ಲಿ ಸಮೋವಾ ದ್ವೀಪದಲ್ಲಿ ಇದನ್ನೇ ಬಿಟ್ಟು ಕುರುವಾಯಿಯನ್ನು ಹಿಡಿತಕ್ಕೆ ತಂದರು. ಅಂದ ಹಾಗೆ, ಸಮೋವಾಕ್ಕೆ ಅದು ಹೋದದ್ದು 1909ರ ಸುಮಾರಿಗೆ, ಸಿಲೋನಿನ ರಬ್ಬರ್ ಗಿಡಗಳ ಜತೆ. ಗೊಬ್ಬರದ ಲೋಡು ಊರಿಂದೂರಿಗೆ ಕಳಿಸುವವರು ಸಾಗಾಟಕ್ಕೆ ಬೇರೆ ವ್ಯವಸ್ಥೆ ಮಾಡಬೇಕಾಗಿಲ್ಲ.

ಹೊಸಬರ ಸಂಶಯಗಳು

ಲೈಟಿಗೆ ಬಂದು ಬಿದ್ದ ಸಣ್ಣ ಕುರುವಾಯಿ ಬೆಳೆದು ದೊಡ್ಡದಾಗುತ್ತದೆಯೇ? ಇಲ್ಲ. ರೆಕ್ಕೆ ಬಂದ ಮೇಲೆ ಯಾವ ದುಂಬಿಯೂ ಬೆಳೆಯುವುದಿಲ್ಲ. ಗುಂಡಿಯಲ್ಲಿ ಉಂಡಷ್ಟೇ ಗಾತ್ರ.

ಗಂಡೋ ಹೆಣ್ಣೋ? ಕೊಂಬು ಇಬ್ಬರಿಗೂ ಇದೆ, ಗಂಡಿನದು ಸಾಮಾನ್ಯವಾಗಿ ಉದ್ದ. ಅದನ್ನೇ ನಂಬದೆ ತಿರುಗಿಸಿ ಹಿಂಭಾಗ ನೋಡಿ. ಕೆಂಗಂದು ಕೂದಲು ದಟ್ಟವಾಗಿದ್ದರೆ ಹೆಣ್ಣು.

ಸಾಕಣೆ ನಿಲ್ಲಿಸಬೇಕೆಂದಿದ್ದರೆ? ನುಸಿಗುಳಿಗೆ ಹಿಡಿದು ಮರ ಹತ್ತುವವರು ಹತ್ತಲಿ, ತಪ್ಪೇನಿಲ್ಲ. ಆದರೆ ಹುಳಕ್ಕೆ ದೊಡ್ಡದಾಗಲು ಕನಿಷ್ಠ ಮೂರು ತಿಂಗಳು ಬೇಕೇ ಬೇಕು. ಅದರೊಳಗೆ ಗುಂಡಿಯ ಗೊಬ್ಬರ ಎತ್ತಿ ಅಂಗಳದಲ್ಲಿ ಹರಡಿ, ಕುಂಬಾದ ಕುತ್ತಿ ಸುಟ್ಟುಬಿಡಿ. ಕೆಲಸ ಬೆಳಿಗ್ಗೆಯೇ ಇಟ್ಟುಕೊಳ್ಳಿ. ಆ ದಿನ ಕೋಳಿಗಳಿಗೆ ಬೇರೆ ಅಕ್ಕಿ ಹಾಕಬೇಕಾಗಿಲ್ಲ.