ಇನ್ನೂ ಇಂಜಿನ್ ಬಿಚ್ಚಿಲ್ಲ ಸಾರ್

ಕಾರು ಕೊಳ್ಳುವ ಯೋಚನೆಯಿದ್ದರೆ ನಂಬರ್ ಪ್ಲೇಟ್ ಬರುವವರೆಗೂ ಬಾಯಿಬಿಡಬಾರದು. ಮನೆ ಕಟ್ಟುವಾಗ ಸುಳಿಯದಿದ್ದ, ಮಗನ ಕಾಲೇಜು ಫೀಸಿನ ಕಾಲಕ್ಕೆ ಫೋನೇ ಎತ್ತದಿದ್ದ ಬಂಧುಬಳಗವೆಲ್ಲ ಕಾರು ಎಂದಕೂಡಲೇ ಎದ್ದು ಕೂರುತ್ತದೆ. ಜೀವಮಾನದಲ್ಲಿ ಲೂನಾ ಬಿಟ್ಟು ಬೇರೇನನ್ನೂ ಓಡಿಸದ ನಮ್ಮ ಷಡ್ಡಕರು ಕೂಡ, "ಆ ಕಂಪನಿಯದು ಬೇಡವೇ ಬೇಡ, ಗಿಯರ್‌ಬಾಕ್ಸ್ ಸರಿಯಿಲ್ಲ" ಎಂದು ಮಜ್ಜಿಗೆ ಕುಡಿಯುತ್ತಲೇ ತೀರ್ಪು ಕೊಟ್ಟರು. ಗಿಯರ್‌ಬಾಕ್ಸ್ ಎಲ್ಲಿರುತ್ತದೆ ಎಂದು ಕೇಳುವಷ್ಟು ಸಲಿಗೆ ನನಗಿಲ್ಲ.

ನನಗೆ ಬೇಕಿದ್ದದ್ದು ಇಷ್ಟೇ. ಮೈಸೂರಿನಿಂದ ಹೊರಟರೆ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಾನಾಗಿ ನಿಲ್ಲಿಸಬೇಕೇ ಹೊರತು ಅದಾಗಿ ನಿಲ್ಲಬಾರದು. ಚಾರ್ಮಾಡಿ ಇಳಿದು ಧರ್ಮಸ್ಥಳ ಮುಟ್ಟಿಸಿ ಮತ್ತೆ ಘಾಟಿ ಹತ್ತಿಸಬೇಕು. ಬಣ್ಣ, ಸನ್‌ರೂಫು ಎಲ್ಲ ಮನೆಯವಳ ಖಾತೆಗೆ ಸೇರಿದ್ದು.

ಮೊದಲ ಫೋನು ನ್ಯೂಜೆರ್ಸಿಯ ಭಾವಮೈದುನನದು. "ಭಾವ, ಕನ್ಸ್ಯೂಮರ್ ರಿಪೋರ್ಟ್ಸ್ ನೋಡದೆ ಅಡ್ವಾನ್ಸ್ ಕೊಡಬೇಡಿ." ಅವನು ಹಲ್ಲುಜ್ಜುವ ಪೇಸ್ಟನ್ನೂ ಅದನ್ನು ಕೇಳದೆ ಕೊಳ್ಳುವವನಲ್ಲ. 1936ರಲ್ಲಿ ಹುಟ್ಟಿದ ಈ ಅಮೆರಿಕದ ಸಂಸ್ಥೆ ನಿಜಕ್ಕೂ ಮರ್ಯಾದಸ್ಥ ಸಂಸ್ಥೆಯೇ. ಕಂಪನಿಗಳಿಂದ ಜಾಹೀರಾತು ತೆಗೆದುಕೊಳ್ಳುವುದಿಲ್ಲ. ಶೋರೂಮಿಗೆ ಹೋಗಿ ತನ್ನ ದುಡ್ಡಿನಿಂದಲೇ ಕಾರು ಕೊಂಡು, ಕನೆಕ್ಟಿಕಟ್‌ನಲ್ಲಿರುವ ತನ್ನದೇ ಟ್ರ್ಯಾಕಿನಲ್ಲಿ ಓಡಿಸಿ ನೋಡುತ್ತದೆ. ಬಾಳಿಕೆಯ ಲೆಕ್ಕಕ್ಕೆ ಮಾತ್ರ ಚಂದಾದಾರರನ್ನೇ ಕೇಳುತ್ತದೆ: ಕಳೆದ ಹನ್ನೆರಡು ತಿಂಗಳಲ್ಲಿ ನಿಮ್ಮ ಕಾರಿನಲ್ಲಿ ಏನೇನು ಕೆಟ್ಟಿತು? ಚಂದಾ ಕಟ್ಟಿದ ಲಕ್ಷಾಂತರ ಜನ ಕೂತು ತಮ್ಮ ಕಾರಿನ ಹುಳುಕನ್ನು ತಾವೇ ಬರೆದು ಕಳಿಸುತ್ತಾರೆ. ಟೊಯೋಟಾ, ಲೆಕ್ಸಸ್‌ಗಳು ವರ್ಷ ವರ್ಷವೂ ಮೇಲಿನ ಸಾಲಿನಲ್ಲೇ ಕಾಣಿಸಿಕೊಳ್ಳುತ್ತವೆ. ಭಾವಮೈದುನನೂ ಆ ಸಾಲಿನಿಂದಲೇ ಒಂದನ್ನು ಎತ್ತಿಕೊಂಡ. ಅದು ಇವತ್ತಿನವರೆಗೆ ಒಮ್ಮೆಯೂ ಕೈಕೊಟ್ಟಿಲ್ಲವಂತೆ. ಹೀಗಾಗಿ ಪಾಪ, ಊರಿಗೆ ಬಂದಾಗ ಹೇಳಿಕೊಳ್ಳಲು ಅವನ ಬಳಿ ಒಂದು ಒಳ್ಳೆಯ ಪ್ರಯಾಣದ ಕಥೆಯೂ ಇಲ್ಲ.

ಅವನೇ ಹೇಳಿದ ಇನ್ನೊಂದು ಹೆಸರು ಜೆ.ಡಿ. ಪವರ್. 1968ರಿಂದ ನಡೆದುಬಂದ ಕಂಪನಿ. ಇವರು ನೂರು ಕಾರಿಗೆ ಎಷ್ಟು ತೊಂದರೆ ಎಂದು ಎಣಿಸುತ್ತಾರೆ. ಹೊಸ ಕಾರಿನ ಮೊದಲ ತೊಂಬತ್ತು ದಿನಕ್ಕೆ ಒಂದು ಲೆಕ್ಕ, ಮೂರು ವರ್ಷ ಓಡಿದ್ದಕ್ಕೆ ಇನ್ನೊಂದು. ಕಡಿಮೆ ಬಂದಷ್ಟೂ ಹೆಚ್ಚುಗಾರಿಕೆ. ನಮ್ಮ ಮನೆಯಲ್ಲಿ ಹಾಗೆ ಓದಬೇಕಾದ ಅಂಕಿ ಶುಗರ್ ರಿಪೋರ್ಟಿನದು ಮಾತ್ರ. ಆದರೆ ಇದರಲ್ಲೊಂದು ತಮಾಷೆಯಿದೆ. ಮೊಬೈಲು ಕಾರಿನ ಸ್ಕ್ರೀನಿಗೆ ಕನೆಕ್ಟ್ ಆಗಲಿಲ್ಲ ಎನ್ನುವುದೂ ಒಂದು ತೊಂದರೆ, ಗಿಯರ್‌ಬಾಕ್ಸ್ ಕಳಚಿಕೊಂಡಿತು ಎನ್ನುವುದೂ ಒಂದು ತೊಂದರೆ. ಷಡ್ಡಕರಿಗೆ ಇದನ್ನು ಹೇಳಿಲ್ಲ.

ನಮ್ಮ ಚಿಕ್ಕಪ್ಪನ ಅಂಬಾಸಡರನ್ನು ಈ ತಕ್ಕಡಿಗೆ ಹಾಕಿದ್ದರೆ ನೂರು ಕಾರು ಬೇಕಾಗುತ್ತಿರಲಿಲ್ಲ, ಅದೊಂದೇ ಸಾಕಾಗುತ್ತಿತ್ತು. ಆದರೆ ಚಿಕ್ಕಪ್ಪ ಫಾರಂ ತುಂಬಿದ್ದರೆ 'ತೊಂದರೆ ಏನೂ ಇಲ್ಲ' ಎಂದೇ ಬರೆಯುತ್ತಿದ್ದರು. ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟು, ಪ್ಲಗ್ಗು, ಎರಡು ಕ್ಯಾನ್ ನೀರು ಇಟ್ಟುಕೊಳ್ಳದೆ ಹೊರಡುವವನು ಅವರ ದೃಷ್ಟಿಯಲ್ಲಿ ಬೇಜವಾಬ್ದಾರಿ ಮನುಷ್ಯ. ಘಾಟಿಯ ನಡುವೆ ರೇಡಿಯೇಟರು ಕುದಿಯುವುದು ಕೆಡುವುದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಚಿತ್ರಾನ್ನ ಬಿಚ್ಚುವ ಹೊತ್ತಾಯಿತು ಎಂದರ್ಥ. ಅಂಬಾಸಡರ್ ಬೇಡವೆಂದರೆ ಫಿಯೆಟ್, ಫಿಯೆಟ್ ಬೇಡವೆಂದರೆ ಕೆಂಪು ಬಸ್ಸು. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಆ ಕಾಲದಲ್ಲಿ ಬಂದ ಕಾರೇ ಒಳ್ಳೆಯ ಕಾರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಚಳಿಗಾಲದ ಬೆಳಿಗ್ಗೆಯೂ ಒಂದೇ ಕೀಲಿಗೆ ಸ್ಟಾರ್ಟ್ ಆಗುವ ಅದನ್ನು ಚಿಕ್ಕಪ್ಪ ಬಹಳ ದಿನ ಅನುಮಾನದಿಂದಲೇ ನೋಡಿದರು. "ಸದ್ದೇ ಇಲ್ಲವಲ್ಲೋ, ನಂಬೋದು ಹೇಗೆ?"

ಈಗ ಅವರು ಸ್ಟಾರ್ ಎಣಿಸುತ್ತಾರೆ. "ಐದು ಸ್ಟಾರ್ ಇರೋದನ್ನೇ ತಗೋ, ದಾರಿಯಲ್ಲಿ ನಿಲ್ಲಲ್ಲ" ಎಂದರು. 2023ರಿಂದ ನಮ್ಮಲ್ಲೇ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರನ್ನು ಗುದ್ದಿಸಿ ನೋಡಿ ಸ್ಟಾರ್ ಕೊಡುತ್ತಾರೆ. ಅದು ಒಳಗಿರುವವರ ಪ್ರಾಣಕ್ಕೆ ಸಂಬಂಧಿಸಿದ್ದು, ಮುಂಜಾನೆ ಸ್ಟಾರ್ಟ್ ಆಗುವುದಕ್ಕಲ್ಲ. ವಿವರಿಸಿದೆ. "ಗುದ್ದಿದರೂ ಕೆಡದ್ದು ಸುಮ್ಮನೆ ಓಡಿದರೆ ಕೆಡುತ್ತೇನೋ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಕೊನೆಗೆ ನಮ್ಮ ಬೀದಿಯ ಗ್ಯಾರೇಜಿನ ಮೇಸ್ತ್ರಿಯ ಬಳಿ ಹೋದೆ. ನಮ್ಮ ಸೀಮೆಯಲ್ಲಿ ನಿಜವಾದ ರೇಟಿಂಗ್ ಹೊರಡುವುದು ಗ್ಯಾರೇಜಿನಿಂದ, ಇಲ್ಲವೇ ಧರ್ಮಸ್ಥಳದ ಪಾರ್ಕಿಂಗಿನಿಂದ. ಹಳದಿ ಬೋರ್ಡಿನ ಡ್ರೈವರು ಬಾನೆಟ್ಟಿನ ಮೇಲೆ ಕೈಯಿಟ್ಟು "ಮೂರು ಲಕ್ಷ ಓಡಿದೆ, ಇನ್ನೂ ಇಂಜಿನ್ ಬಿಚ್ಚಿಲ್ಲ ಸಾರ್" ಎಂದರೆ ಅದರ ಮುಂದೆ ಕನೆಕ್ಟಿಕಟ್ ಯಾವ ಲೆಕ್ಕ? 2000ದಲ್ಲಿ ಬಿಡದಿಯಿಂದ ಹೊರಬಂದ ಕ್ವಾಲಿಸ್, 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾ ಹೀಗೆ ಬಾಯಿಂದ ಬಾಯಿಗೆ ಮಾರ್ಕು ಗಿಟ್ಟಿಸಿದ ಗಾಡಿಗಳು.

ಮೇಸ್ತ್ರಿಯ ವಿಧಾನ ಮಾತ್ರ ವಿಚಿತ್ರ. ನಾನು ಒಂದು ಹೆಸರು ಹೇಳಿದೆ. "ಆ ಗಾಡಿ ನನ್ನ ಹತ್ತಿರ ಬರೋದೇ ಇಲ್ಲ ಸಾರ್" ಎಂದ. ಕೆಡುವುದೇ ಇಲ್ಲವೋ, ಯಾರೂ ಕೊಂಡೇ ಇಲ್ಲವೋ ತಿಳಿಯಲಿಲ್ಲ. ಇನ್ನೊಂದು ಹೇಳಿದೆ. "ಅಯ್ಯೋ, ದಿನಾ ಬರುತ್ತೆ!" ಹಾಗಾದರೆ ಕೆಟ್ಟದ್ದಾ? "ಇಲ್ಲ ಸಾರ್, ಊರಲ್ಲೆಲ್ಲ ಅದೇ ಇದೆಯಲ್ಲ, ಸ್ಪೇರ್ ಎಲ್ಲಿ ಬೇಕಾದರೂ ಸಿಗುತ್ತೆ."

ನಾನು ಬುದ್ಧಿವಂತಿಕೆ ತೋರಿಸಿದೆ. ಮಾರುತಿಯ ಬಲೆನೋವನ್ನೇ 2019ರಲ್ಲಿ ಟೊಯೋಟಾ ತನ್ನ ಲಾಂಛನ ಅಂಟಿಸಿ ಗ್ಲಾಂಜಾ ಎಂದು ಮಾರಲು ಶುರುಮಾಡಿತು. ಅದೇ ಇಂಜಿನ್ನು, ಆದರೂ ಆಗ ಬಲೆನೋ ಆಗಿದ್ದರೆ ಎರಡು ವರ್ಷ ಅಥವಾ 40,000 ಕಿ.ಮೀ. ವಾರಂಟಿ, ಗ್ಲಾಂಜಾ ಆಗಿದ್ದರೆ ಮೂರು ವರ್ಷ ಅಥವಾ ಒಂದು ಲಕ್ಷ. 2023ರಲ್ಲಿ ಗಾಳಿ ತಿರುಗಿ, ಬಿಡದಿಯ ಇನ್ನೋವಾ ಹೈಕ್ರಾಸೇ ಮಾರುತಿ ಇನ್‌ವಿಕ್ಟೋ ಆಗಿ ಹೊರಟಿತು. ಹಾಗಿದ್ದಮೇಲೆ ಯಾವ ಹೆಸರಾದರೇನು? ಮೇಸ್ತ್ರಿ ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಅದು ನಿಮಗೆ ಗೊತ್ತು, ನನಗೆ ಗೊತ್ತು ಸಾರ್. ನಾಳೆ ಸೆಕೆಂಡ್ ಹ್ಯಾಂಡಲ್ಲಿ ತಗೊಳ್ಳೋನಿಗೆ ಗೊತ್ತಿರಬೇಕಲ್ಲ" ಎಂದ.

ಅಮೆರಿಕದವರೂ ಇದರಲ್ಲಿ ನಮಗಿಂತ ಜಾಣರೇನಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 1984ರಿಂದ ಜನರಲ್ ಮೋಟರ್ಸ್ ಮತ್ತು ಟೊಯೋಟಾ ಜಂಟಿಯಾಗಿ ಕಾರ್ಖಾನೆ ನಡೆಸಿದವು. ಒಂದೇ ಸೂರಿನಡಿ, ಅವರೇ ಕೆಲಸಗಾರರ ಕೈಯಲ್ಲಿ ಟೊಯೋಟಾ ಕೊರೊಲ್ಲಾ, ಜಿಯೋ ಪ್ರಿಝ್ಮ್ ಎರಡೂ ತಯಾರಾಗುತ್ತಿದ್ದವು. ಒಳಗೆ ಹೆಚ್ಚೂಕಡಿಮೆ ಒಂದೇ ಕಾರು. ಜನ ಮುಗಿಬಿದ್ದದ್ದು ಕೊರೊಲ್ಲಾಗೆ. ಹಳೆಯದಾದ ಮೇಲೂ ಅದಕ್ಕೇ ಹೆಚ್ಚು ಬೆಲೆ.

ಇದೆಲ್ಲ ನೋಡಿದ ಮೇಲೆ ನನಗನ್ನಿಸಿದ್ದು, ನಾವು ರೇಟಿಂಗ್ ನೋಡುವುದು ಕಾರು ಕೆಡುವುದೋ ಇಲ್ಲವೋ ಎಂದು ತಿಳಿಯುವುದಕ್ಕಲ್ಲ. ಕೆಟ್ಟಾಗ ಬೈಸಿಕೊಳ್ಳಬೇಕಾದವರು ಯಾರು ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದಕ್ಕೆ. ಇನ್ನೋವಾ ನಡುದಾರಿಯಲ್ಲಿ ನಿಂತರೆ ಡೀಸೆಲ್ ಸರಿಯಿಲ್ಲ, ರಸ್ತೆ ಸರಿಯಿಲ್ಲ, ಹೊರಟ ಗಳಿಗೆ ಸರಿಯಿಲ್ಲ. ಹೆಸರಿಲ್ಲದ ಗಾಡಿ ನಿಂತರೆ ಕೊಂಡವನ ತಲೆ ಸರಿಯಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ, ಪಕ್ಕದಲ್ಲಿ ಹೆಂಡತಿ ಕೂತಿರುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಕಾರು ಬಂತು. ಯಾವುದೆಂದು ಹೇಳುವುದಿಲ್ಲ, ಷಡ್ಡಕರು ಓದುವ ಸಂಭವವಿದೆ. ಅದು ವಾರಂಟಿಯ ಮೇಲೆ ವರ್ಕ್‌ಶಾಪಿನಲ್ಲಿ ಮಲಗಿದ್ದ ಹೊತ್ತಿನಲ್ಲೇ ಎದುರುಮನೆಯವರು ಗೇಟಿನ ಬಳಿ ಹಿಡಿದು, "ಹೇಗಿದೆ ಸಾರ್ ಗಾಡಿ? ನಾವೂ ಅದನ್ನೇ ನೋಡ್ತಿದ್ದೀವಿ" ಎಂದು ಕೇಳಿದರು. ಅಷ್ಟು ಲಕ್ಷ ಸುರಿದ ಮನುಷ್ಯ ಇನ್ನೇನು ಹೇಳಲು ಸಾಧ್ಯ? "ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಹೂವು ಹೋದಂಗೆ ಹೋಗುತ್ತೆ" ಎಂದೆ. "ಎಲ್ಲಿ, ಕಾಣಿಸ್ತಾ ಇಲ್ಲ?" "ಅಳಿಯ ಒಯ್ದಿದ್ದಾರೆ." ನನಗಿರುವುದು ಒಬ್ಬನೇ ಮಗ ಎಂಬುದು ಅವರಿಗೆ ಹೊಳೆಯಲಿಲ್ಲ.

ತಗೊಂಡರು. ಈಚೆಗೆ ಅವರ ಮನೆ ಮುಂದೆಯೂ ಜಾಗ ಖಾಲಿಯಿತ್ತು. ವಿಚಾರಿಸಿದೆ. "ಗಾಡಿ ಏನೋ ಸೂಪರ್ ಸಾರ್," ಎಂದರು, ನನ್ನ ಮುಖ ನೋಡದೆ, "ನಮ್ಮ ರಸ್ತೆಗಳೇ ಸರಿಯಿಲ್ಲ."

"ರಸ್ತೆಗಳದ್ದೇ ತೊಂದರೆ" ಎಂದು ನಾನೂ ಒಪ್ಪಿಕೊಂಡೆ.