ಪೌಡರ್ ಕಾಕಾ

ಕಡೇಚೂರಿನ ಹೋಟೆಲಿನಲ್ಲಿ ಮಿರ್ಚಿ ಭಜಿಯ ಬುಟ್ಟಿ ಹೊರಬಿದ್ದ ಕೂಡಲೇ ಯಾರಾದರೂ ಮೂಗಿಗೆ ಟವೆಲ್ ಅಡ್ಡ ಹಿಡಿದರೆ, ಅವರೇ ನಮ್ಮ ಪೌಡರ್ ಕಾಕಾ. ಇಂಥವರು ಈಗ ಊರಿಗೊಬ್ಬರಾದರೂ ಇದ್ದಾರೆ. ರಕ್ತದ ರಿಪೋರ್ಟ್ ನೋಡಿದ ಡಾಕ್ಟರು "ಎಣ್ಣಿ ಸ್ವಲ್ಪ ಕಮ್ಮಿ ಮಾಡ್ರಿ" ಅಂದದ್ದೇ ನೆಪ. ಅಂದಿನಿಂದ ಕಾಕಾ ಕಂಡವರ ತಾಟಿನ ಎಣ್ಣೆಯನ್ನೆಲ್ಲ ಕಮ್ಮಿ ಮಾಡಲು ಹೊರಟಿದ್ದಾರೆ.

ಕಾಕಾ ಶೇಂಗಾ ಬೆಳೆಯುವ ರೈತರೇ. ಅವರ ಹೊಲದ ಶೇಂಗಾ ಚೀಲ ಹೊತ್ತ ಟೆಂಪೋ ಯಾದಗಿರಿ ಎಪಿಎಂಸಿ ಕಡೆ ಹೋದರೆ, ಅದೇ ರಸ್ತೆಯಲ್ಲಿ ಎದುರಿನಿಂದ ಕೊರಿಯರ್ ಹುಡುಗ ಅವರ ಡಬ್ಬಿ ಹಿಡಿದು ಬರುತ್ತಾನೆ. ಪೀನಟ್ ಬಟರ್ ಪೌಡರ್! ಆ ಡಬ್ಬಿಯ ರೊಕ್ಕಕ್ಕೆ ಎಷ್ಟು ಕೆಜಿ ಕಾಯಿ ಬರುತ್ತಿತ್ತೆಂದು ಅವರ ಹೆಂಡತಿ ಕಾಕು ಓಣಿಗೆಲ್ಲ ಕೇಳುವಂತೆ ಲೆಕ್ಕ ಹಾಕುತ್ತಾರೆ. ಕಾಕಾ ಆ ಹೊತ್ತಿಗೆ ಡಬ್ಬಿಯ ಹಿಂಬದಿಯ ಪಾರಾಯಣದಲ್ಲಿರುತ್ತಾರೆ.

"ಎರಡು ಚಮಚಕ್ಕ ಕೊಬ್ಬು ಬರೇ 1.5 ಗ್ರಾಂ! ಅದ ಪ್ಯಾಟಿ ಪೀನಟ್ ಬಟರ್ ಆದ್ರ 16!"

ಎರಡು ಚಮಚ ಪುಡಿ ತೂಗಿದರೆ 13 ಗ್ರಾಂ ಆದೀತು, ಎರಡು ಚಮಚ ಬಟರ್ 32 ಗ್ರಾಂ. ಚಮಚ ಒಂದೇ ಆದರೂ ತೂಕ ಬೇರೆ. ಇದನ್ನು ಕಾಕಾಗೆ ಯಾರೂ ಹೇಳಹೋಗುವುದಿಲ್ಲ. ಹೇಳಿದವರು ಪ್ರೊಟೀನ್ ಪಾಠ ಕೇಳದೆ ಎದ್ದುಬಂದದ್ದಿಲ್ಲ.

ಕಾಕಾರನ್ನು ಒಮ್ಮೆಯಾದರೂ ತಡೆದು ನಿಲ್ಲಿಸಿದವರೆಂದರೆ ಅವರ ತಾಯಿ, ನಮಗೆಲ್ಲ ಆಯಿ. ಶೇಂಗಾ ಕಾಳಿನ ತೂಕದಲ್ಲಿ ಹೆಚ್ಚೂಕಡಿಮೆ ಅರ್ಧ ಎಣ್ಣೆಯೇ. ಕಾಳು ಹುರಿದು, ಒತ್ತಿ, ಬಹುಪಾಲು ಎಣ್ಣೆ ತೆಗೆದು, ಉಳಿದದ್ದನ್ನು ಸಣ್ಣಗೆ ಬೀಸಿ, ಚೂರು ಉಪ್ಪು ಸಕ್ಕರೆ ಸೇರಿಸಿದರೆ ಈ ಪುಡಿ. ಇಷ್ಟನ್ನು ಮಗನ ಬಾಯಿಂದಲೇ ಪೂರ್ತಿ ಕೇಳಿಸಿಕೊಂಡ ಆಯಿ, "ಎಣ್ಣಿ ತಗದ ಮ್ಯಾಲ ಉಳಿದದ್ದು ನಮ್ಮ ಎಮ್ಮಿಗಿ ಇಡ್ತೀವಲ್ಲೋ ಯಪ್ಪಾ, ಅದಕ್ಕ ನೀ ರೊಕ್ಕಾ ಕೊಡ್ತೀಯೇನು?" ಅಂದರು.

ಕಾಕಾ ಸೋಲುವ ಆಸಾಮಿಯಲ್ಲ. "ಯವ್ವಾ, ಮೈಸೂರಿನ ಸಿಎಫ್‌ಟಿಆರ್‌ಐ ಹೆಸರರೆ ಕೇಳೀಯೇನು?" ಎಂದು ಶುರುಮಾಡಿದರು. ಅವರ ಮಾತು ಸುಳ್ಳಲ್ಲ. 1950ರಲ್ಲಿ ಆರಂಭವಾದ ಆ ಆಹಾರ ಸಂಶೋಧನಾ ಸಂಸ್ಥೆ, ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ, ಮೇಲೆ ವಿಟಮಿನ್, ಕ್ಯಾಲ್ಸಿಯಂ ಸೇರಿಸಿ ಇಂಡಿಯನ್ ಮಲ್ಟಿಪರ್ಪಸ್ ಫುಡ್ ಎಂಬ ಆಹಾರ ತಯಾರಿಸಿತ್ತು. ಆದರೆ ಅದನ್ನು ಮಾಡಿದ್ದು ಹೊಟ್ಟೆ ಬೆನ್ನಿಗೆ ಹತ್ತಿದವರಿಗಾಗಿ. ಕಾಕಾರ ಹೊಟ್ಟೆಗೂ ಬೆನ್ನಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿದೆ.

ನನ್ನ ಕೇಳಿದರೆ ಆ ಡಬ್ಬಿಯಲ್ಲಿ ಐಬೇನಿಲ್ಲ. ಎಣ್ಣೆ ಹೋದರೂ ಪ್ರೊಟೀನ್ ಉಳಿದಿರುತ್ತದೆ. ದನದ ಹಿಂಡಿಯಂತೆ ಕಸಕಡ್ಡಿಯೂ ಇರುವುದಿಲ್ಲ. ಆಟವೆಲ್ಲ ಶುರುವಾಗುವುದು ತಾಟಿನಲ್ಲಿ.

ಬಿಸಿ ಜೋಳದ ರೊಟ್ಟಿ, ಪಕ್ಕದಲ್ಲಿ ಪುಂಡಿಪಲ್ಯ. ಕಾಕಾ ಎರಡು ಚಮಚ ಪುಡಿ ಹಾಕಿ ನೀರಲ್ಲಿ ಕಲಸುತ್ತಾರೆ. ಒಂದು ತುತ್ತಿಗೇ ಮುಖ ಸಪ್ಪಗಾಗುತ್ತದೆ. "ಒಂದೆಸಳು ಬಳ್ಳೊಳ್ಳಿ ಜಜ್ಜಿ ಕೊಡು" ಅನ್ನುತ್ತಾರೆ. ಆಮೇಲೆ ಕೆಂಪು ಖಾರ. ಆಮೇಲೆ ಜೀರಿಗೆ. ಕಾಕು ಒರಳಲ್ಲಿ ಕುಟ್ಟಿಟ್ಟ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಎದುರಿಗೇ ಇದ್ದರೂ ಅದರ ಕಡೆ ನೋಡುವುದಿಲ್ಲ. ವ್ರತ ಅಂದರೆ ವ್ರತ. ಎರಡನೇ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಆಗ ಪುಡಿಯ ನಡುವೆ ಬೆರಳಿಂದ ಒಂದು ಕುಣಿ ಮಾಡಿ, "ಸ್ವಲ್ಪ ಕುಸುಬಿ ಎಣ್ಣಿ ಬಿಡು" ಅನ್ನುತ್ತಾರೆ. ಕಾಕು ಬಿಡುತ್ತಾರೆ, ಒಂದು ದೊಡ್ಡ ಚಮಚ, ಅಂದರೆ ಸುಮಾರು 14 ಗ್ರಾಂ.

ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯಲ್ಲಿ ಮಿಲಿಗ್ರಾಂ ತೂಗುವ ಅಣ್ಣನ ಮಗ ಒಂದು ದಿನ ಜೊತೆಗೆ ಊಟಕ್ಕೆ ಕೂತಿದ್ದ. ಸುಮ್ಮನಿರಲಾರದೆ, "ಕಾಕಾ, ಒಟ್ಟು 15.5 ಆಯ್ತು ನೋಡ್ರಿ" ಅಂದ.

ಕಾಕಾ ಬೆರಳು ನೆಕ್ಕಿಕೊಂಡು ಡಬ್ಬಿಯನ್ನು ಅವನ ಕಡೆ ತಿರುಗಿಸಿದರು. "ಓದು. ಇದರ ಮ್ಯಾಲ 1.5 ಅಂತನ ಬರದದ. ಎಣ್ಣಿದು ನಿಮ್ಮ ಕಾಕುನ ಕೇಳು, ಅಕಿ ಹಾಕ್ಯಾಳ."